ದುಬೈ ಕಂಪನಿಯ ಶೇ. 51 ಪಾಲು ನನ್ನ ಹೆಸರಿಗೆ ಬಂದಿದ್ದು ಹೀಗೆ

ದುಬೈನ ದೇರಾದಲ್ಲಿ ನನ್ನದೊಂದು ಟ್ರೇಡಿಂಗ್ ಕಂಪನಿ ಇದೆ. ಹೋಟೆಲುಗಳಿಗೆ ಬೇಕಾದ ಸ್ಟೀಲ್ ಪಾತ್ರೆ, ಸಾಮಾನು ಮಾರುತ್ತೇವೆ. ಶುರು ಮಾಡಿದಾಗ ಕಾಗದದಲ್ಲಿ ನನ್ನ ಪಾಲು ಶೇ. 49 ಮಾತ್ರ. ಮಿಕ್ಕ 51 ಲೋಕಲ್ ಸ್ಪಾನ್ಸರ್, ಅಂದರೆ ಆ ದೇಶದ ಪ್ರಜೆಯಾದ ಪಾಲುದಾರರ ಹೆಸರಲ್ಲಿತ್ತು. ಆಗಿನ ಕಾನೂನೇ ಹಾಗಿತ್ತು. ಫ್ರೀ ಝೋನ್‌ನಲ್ಲಿ, ಅಂದರೆ ಬೇರೆ ನಿಯಮಗಳಿರುವ ವಿಶೇಷ ವ್ಯಾಪಾರ ವಲಯದಲ್ಲಿ, ಪೂರ್ತಿ ಪಾಲು ಸಿಗುತ್ತಿತ್ತು. ಆದರೆ ಅಲ್ಲಿಂದ ಊರೊಳಗಿನ ಹೋಟೆಲುಗಳಿಗೆ ನೇರವಾಗಿ ಮಾರುವುದು ಕಷ್ಟವಾಗಿತ್ತು. ಹಾಗಾಗಿ ನಮಗೆ ಊರೊಳಗೆ ವ್ಯಾಪಾರ ಮಾಡಬಹುದಾದ ಮೇನ್‌ಲ್ಯಾಂಡ್ ಲೈಸೆನ್ಸೇ ಬೇಕಿತ್ತು.

ದುಡ್ಡು ನಮ್ಮದು, ಲಾಭ ನಮ್ಮದು, ಸ್ಪಾನ್ಸರ್‌ಗೆ ವರ್ಷಕ್ಕಿಷ್ಟು ಫೀಸು ಅಂತ ಒಂದು ಸೈಡ್ ಅಗ್ರಿಮೆಂಟ್ ಮಾಡಿಕೊಳ್ಳುವುದು ಆಗಿನ ರೂಢಿ. ನನ್ನ ನಿದ್ದೆ ಕೆಡಿಸಿದ್ದು ಅದೇ. ನೋಟರಿ ಮುಂದೆ ಸಹಿಯಾದ ಎಂಒಎ (ಕಂಪನಿಯ ಪಾಲುದಾರರ ಕರಾರುಪತ್ರ) ಒಂದು ಹೇಳುತ್ತೆ, ಬೀರುವಿನಲ್ಲಿರುವ ಕಾಗದ ಇನ್ನೊಂದು ಹೇಳುತ್ತೆ. ಇಂಥ ಬೇನಾಮಿ ವ್ಯವಸ್ಥೆಯ ವಿರುದ್ಧ 2004ರಲ್ಲೇ ಕಾನೂನು ಬಂದಿತ್ತು. ಸ್ಪಾನ್ಸರ್ ತೀರಿಕೊಂಡರೆ ಆ 51 ಪಾಲು ಅವರ ವಾರಸುದಾರರಿಗೆ ಹೋಗುತ್ತೆ. ಅವರಿಗೆ ನಾವು ಯಾರು ಅಂತಲೇ ಗೊತ್ತಿರುವುದಿಲ್ಲ, ಅಲ್ವಾ?

2020ರ ಕೊನೆಯಲ್ಲಿ ಕಂಪನಿ ಕಾನೂನಿಗೆ ತಿದ್ದುಪಡಿಯಾಯಿತು. 2021ರ ಜೂನ್ 1ರಿಂದ ಹೆಚ್ಚಿನ ವ್ಯಾಪಾರಗಳಿಗೆ 51ರ ನಿಯಮ ಹೋಯಿತು. ದುಬೈ ಸಾವಿರಕ್ಕೂ ಜಾಸ್ತಿ ಚಟುವಟಿಕೆಗಳ ಪಟ್ಟಿ ಹೊರಡಿಸಿತು. ಪಟ್ಟಿಯಲ್ಲಿ ನಮ್ಮ ಲೈಸೆನ್ಸಿನ ಚಟುವಟಿಕೆ ಇದೆಯೇ ಅಂತ ಮೊದಲು ನೋಡಿಕೊಂಡೆ. ಆದರೆ ಕಾನೂನು ಬದಲಾಯಿತು ಅಂದಮಾತ್ರಕ್ಕೆ ಪಾಲು ತಾನಾಗಿ ನಮ್ಮ ಕಡೆ ಬರುವುದಿಲ್ಲ. ಸ್ಪಾನ್ಸರ್ ಒಪ್ಪಬೇಕು, ನೋಟರಿ ಮುಂದೆ ಪಾಲು ಬಿಟ್ಟುಕೊಡಬೇಕು, ಎಂಒಎ ತಿದ್ದಬೇಕು.

ನಾನು ಸ್ಪಾನ್ಸರ್ ಜೊತೆ ಕೂತು ನೇರವಾಗಿ ಮಾತಾಡಿದೆ. ಬಾಕಿ ಫೀಸು ಚುಕ್ತಾ ಮಾಡುತ್ತೇನೆ, ಬೀಳ್ಕೊಡುಗೆಯಾಗಿ ಇಷ್ಟು ಕೊಡುತ್ತೇನೆ ಅಂದೆ. ಒಪ್ಪಿದರು, ಒಳ್ಳೆಯ ಮನುಷ್ಯ. ಪಾಲಿನ ಬೆಲೆ ಸಂದಾಯವಾಗಿದೆ, ಕಂಪನಿ ಮೇಲೆ ಇನ್ನೇನೂ ಹಕ್ಕಿಲ್ಲ ಅನ್ನುವ ಸಾಲನ್ನು ನೋಟರಿಯಾಗುವ ದಾಖಲೆಯಲ್ಲೇ ಬರೆಸಿದೆ. ಇದನ್ನು ಬೇರೆ ಚೀಟಿಯಲ್ಲಿ ಬರೆಸಬೇಡಿ.

ಎಂಒಎ ಎರಡು ಕಾಲಮ್ಮಿನಲ್ಲಿರುತ್ತೆ, ಇಂಗ್ಲಿಷ್ ಒಂದು ಕಡೆ, ಅರೇಬಿಕ್ ಇನ್ನೊಂದು ಕಡೆ. ಕೋರ್ಟು ನೋಡುವುದು ಅರೇಬಿಕ್ಕನ್ನು. ಆದ್ದರಿಂದ ಕರಡು ಬರೆದವರನ್ನು ಬಿಟ್ಟು ಬೇರೆ ಅನುವಾದಕರಿಂದ ಅದನ್ನು ಓದಿಸಿದೆ. ಮ್ಯಾನೇಜರ್ ಅಧಿಕಾರ, ಲಾಭ ಹಂಚಿಕೆ, ಪಾಲು ಮಾರುವ ನಿಯಮ, ಈ ಮೂರನ್ನು ಸಾಲುಸಾಲಾಗಿ. ಹೆಸರನ್ನೂ ನೋಡಿ. ನಮ್ಮವರ ಪಾಸ್‌ಪೋರ್ಟಿನಲ್ಲಿ ಊರು, ಅಪ್ಪನ ಹೆಸರು ಎಲ್ಲ ಸೇರಿ ಉದ್ದವಾಗಿರುತ್ತೆ. ಲೈಸೆನ್ಸಿನಲ್ಲಿ ಅದು ಹಿಂದುಮುಂದಾದರೆ ಬ್ಯಾಂಕಿನವರು ಕಾಯಿಸಿಬಿಡುತ್ತಾರೆ.

ಹೊಸ ಲೈಸೆನ್ಸ್ ಬಂದಮೇಲೆ ಬ್ಯಾಂಕ್ ಕೆವೈಸಿ, ನಿಜವಾದ ಮಾಲೀಕರ ರಿಜಿಸ್ಟರ್ ಎಲ್ಲ ಸರಿಮಾಡಿಸಿದೆ. ವ್ಯಾಟ್ ನೋಂದಣಿಯ ಬದಲಾವಣೆಯನ್ನು 20 ಕೆಲಸದ ದಿನಗಳೊಳಗೆ ತಿಳಿಸಬೇಕು.

ಕೊನೆಯದು ಸೆಕ್ಯುರಿಟಿ ಚೆಕ್, ಅಂದರೆ ಭದ್ರತೆಗೆಂದು ಬರೆದುಕೊಟ್ಟ ಬ್ಯಾಂಕ್ ಚೆಕ್. ಸ್ಪಾನ್ಸರ್‌ಗೆ ಕೊಟ್ಟಿದ್ದ ಚೆಕ್ಕುಗಳನ್ನು ನೋಟರಿ ದಿನವೇ ಕೇಳಿ ವಾಪಸ್ ಪಡೆದೆ, ನಂಬರ್ ತಾಳೆ ನೋಡಿದೆ. 2022ರ ಜನವರಿ 2ರಿಂದ ದುಡ್ಡಿಲ್ಲದೆ ಬೌನ್ಸ್ ಆದ ಚೆಕ್ ಹಿಡಿದವರು ಬೇರೆ ದಾವೆ ಹೂಡದೆ ನೇರವಾಗಿ ವಸೂಲಿ ಜಾರಿ ಮಾಡುವ ಎಕ್ಸಿಕ್ಯೂಷನ್ ಕೋರ್ಟಿಗೆ ಹೋಗಬಹುದು. ಮರೆತುಹೋದ ಒಂದು ಹಳೇ ಚೆಕ್ಕಿನಿಂದಲೂ ಖಾತೆ ಜಪ್ತಿಯಾದೀತು.