ಮಗುವಿನ ಬರ್ತ್ ಸರ್ಟಿಫಿಕೇಟ್: ಡಿಸ್ಚಾರ್ಜ್ ದಿನದ ಆ ಒಂದು ಹಾಳೆ ಸರಿ ಇರಲಿ

ಮಂಗಳೂರಲ್ಲಿ ಹೆರಿಗೆ ಆದ ಮನೆಗೆ ಹೋದಾಗೆಲ್ಲ ಮಗು ಮುಖ ನೋಡಿದ ಮೇಲೆ ನಾನು ಕೇಳುದು ಒಂದೇ, ಆಸ್ಪತ್ರೆ ಫಾರ್ಮ್ ತುಂಬಿಸಿದ್ದು ಯಾರು? ಹೆಚ್ಚಿನ ಮನೆಯಲ್ಲಿ ಸರಿಯಾಗಿ ಯಾರಿಗೂ ಗೊತ್ತಿರುದಿಲ್ಲ. ಅಪ್ಪ ದುಬೈಯಲ್ಲೋ ಕುವೈಟಲ್ಲೋ ಇರ್ತಾನೆ, ಬಾಣಂತಿಗೆ ಸುಸ್ತು, ಬಿಲ್ ಕೌಂಟರಿನ ಹತ್ರ ಇನ್ಶೂರೆನ್ಸ್ ಅಪ್ರೂವಲ್‌ಗೆ ಕಾದು ನಿಂತ ಸೋದರಮಾವನ ಕೈಗೆ ನರ್ಸ್ ಒಂದು ಹಾಳೆ ಕೊಡ್ತಾರೆ, ಅವನು ನೆನಪಿಗೆ ಬಂದ ಹಾಗೆ ಬರೆದು ಸೈನ್ ಹಾಕಿ ಕೊಡ್ತಾನೆ. ಬರ್ತ್ ಸರ್ಟಿಫಿಕೇಟಿಗೆ ಹೋಗುದು ಆ ಹಾಳೆಯಲ್ಲಿ ಬರೆದದ್ದೇ, ಮುಂದಿನ ಎಲ್ಲ ಓಡಾಟ ಶುರುವಾಗುದು ಅಲ್ಲಿಂದಲೇ.

ಮುಂಚೆ ಸರ್ಟಿಫಿಕೇಟಲ್ಲಿ ತಪ್ಪಿದ್ರೂ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ತೋರಿಸಿ ಸುಧಾರಿಸ್ತಿದ್ರು. ಈಗ ಹಾಗಿಲ್ಲ. ಜನನ ಮರಣ ನೋಂದಣಿ ಕಾಯ್ದೆಗೆ ತಿದ್ದುಪಡಿ ಬಂದು 2023ರ ಅಕ್ಟೋಬರ್ 1ರಿಂದ ಜಾರಿಯಾಗಿದೆ, ಆ ದಿನ ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಶಾಲೆ ಸೇರ್ಲಿಕ್ಕೆ, ಡ್ರೈವಿಂಗ್ ಲೈಸೆನ್ಸಿಗೆ, ವೋಟರ್ ಲಿಸ್ಟಿಗೆ, ಸರ್ಕಾರಿ ಕೆಲಸಕ್ಕೆ ಹುಟ್ಟಿದ ತಾರೀಕಿನ ದಾಖಲೆ ಅಂತ ಬರ್ತ್ ಸರ್ಟಿಫಿಕೇಟೇ ಬೇಕು. 2025ರಲ್ಲಿ ಪಾಸ್‌ಪೋರ್ಟ್ ನಿಯಮವೂ ಹಾಗೇ ಆಯ್ತು.

ಮೊದಲು, ಯಾವ ಆಫೀಸು ಅಂತ ತಿಳ್ಕೊಳ್ಳಿ. ಮಗು ಹುಟ್ಟಿದ ಜಾಗ ಯಾರ ವ್ಯಾಪ್ತಿಗೆ ಬರ್ತದೋ ಅಲ್ಲೇ ರಿಜಿಸ್ಟರ್ ಆಗುದು, ನಿಮ್ಮ ಮನೆ ಎಲ್ಲಿ ಅನ್ನುದು ಲೆಕ್ಕಕ್ಕಿಲ್ಲ. ಕಾಸರಗೋಡು, ಮಂಜೇಶ್ವರದವರು ಹೆರಿಗೆಗೆ ಮಂಗಳೂರಿಗೇ ಬರುದು, ಆಮೇಲೆ ಊರಿನ ಪಂಚಾಯತಲ್ಲಿ ಹೋಗಿ ಸರ್ಟಿಫಿಕೇಟ್ ಕೇಳಿದ್ರೆ ಅಲ್ಲಿ ಸಿಗುದಿಲ್ಲ. ಹಾಗೇ ನೇತ್ರಾವತಿ ಸೇತುವೆ ದಾಟಿದ್ರೆ ಮಂಗಳೂರು ಪಾಲಿಕೆ ಮುಗೀತು. ತೊಕ್ಕೊಟ್ಟು, ದೇರಳಕಟ್ಟೆ ಕಡೆಯ ಆಸ್ಪತ್ರೆಯಲ್ಲಿ ಹೆರಿಗೆ ಆಗಿದ್ರೆ ಲಾಲ್‌ಬಾಗಿನ ಪಾಲಿಕೆ ಆಫೀಸಿಗೆ ಹೋಗಿ ಕ್ಯೂ ನಿಂತು ಪ್ರಯೋಜನ ಇಲ್ಲ. ಸರ್ಕಾರಿ ಆಸ್ಪತ್ರೆಯಾದ್ರೆ ರಿಜಿಸ್ಟ್ರೇಶನ್ ಒಳಗೇ ಆಗುದೂ ಉಂಟು. ಡಿಸ್ಚಾರ್ಜ್ ಮುಂಚೆ "ಇದು ಎಲ್ಲಿ ರಿಜಿಸ್ಟರ್ ಆಗ್ತದೆ?" ಅಂತ ಕೇಳಿ ಬರ್ಕೊಳ್ಳಿ.

ಇನ್ನು ಫಾರ್ಮ್. ಇದಕ್ಕೆ ಅರ್ಧ ಗಂಟೆ ಕೊಡಿ, ಹೆರಿಗೆಗೆ ಅಡ್ಮಿಟ್ ಆಗುವ ಬ್ಯಾಗಿನಲ್ಲೇ ಅಪ್ಪ ಅಮ್ಮ ಇಬ್ಬರ ಆಧಾರ್, ಪಾಸ್‌ಪೋರ್ಟ್ ಇದ್ರೆ ಅದರ ಮೊದಲ ಮತ್ತು ಕೊನೇ ಪುಟದ ಜೆರಾಕ್ಸ್ ಇಟ್ಟುಬಿಡಿ. ವಾಟ್ಸಾಪಲ್ಲಿ ಕಳಿಸಿದ ಫೋಟೋ ಸಾಲದು, ಮಬ್ಬಾಗಿರ್ತದೆ, ಅಕ್ಷರ ತಪ್ಪಿಹೋಗ್ತದೆ. ಬಾಯಲ್ಲಿ ಹೇಳಿ ಬರೆಸುದಂತೂ ಬೇಡವೇ ಬೇಡ. ಶೆಣೈ ಅಂತ ಹೇಳಿದ್ರೆ ಇಂಗ್ಲಿಷಲ್ಲಿ ಕೊನೆಗೆ 'ಓ ವೈ' ಬರೀಬೇಕೋ 'ಎ ಐ' ಬರೀಬೇಕೋ ಬರೆಯುವವರಿಗೆ ಹೇಗೆ ಗೊತ್ತಾಗ್ಬೇಕು? ಮಹಮ್ಮದ್ ಒಂದನ್ನೇ ನಮ್ಮ ಊರಲ್ಲಿ ನಾಲ್ಕೈದು ತರ ಬರೀತಾರೆ. ಡಿಸೋಜದಲ್ಲಿ 'ಡಿ' ಆದ ಮೇಲೆ ಅಪಾಸ್ಟ್ರಫಿ ಹಾಕುದಾ, ಜಾಗ ಬಿಡುದಾ, ಸೇರಿಸಿಯೇ ಬರೆಯುದಾ ಅಂತ ಒಂದೇ ಮನೆಯವರಲ್ಲಿ ಬೇರೆ ಬೇರೆ ಉಂಟು.

ನನ್ನ ಮಾತು ಕೇಳುದಾದ್ರೆ ಅಪ್ಪ ಅಮ್ಮನ ಹೆಸರು ಪಾಸ್‌ಪೋರ್ಟಲ್ಲಿ ಇರುವ ಹಾಗೇ ಬರೀರಿ, ಪಾಸ್‌ಪೋರ್ಟ್ ಇಲ್ಲದಿದ್ರೆ ಆಧಾರಲ್ಲಿ ಇದ್ದ ಹಾಗೆ, ಎರಡರಲ್ಲೂ ಬೇರೆ ಬೇರೆ ಇದ್ರೆ ಹೆರಿಗೆಗೆ ಮುಂಚೆಯೇ ಆಧಾರ್ ಸರಿ ಮಾಡಿಸಿ, ಒಂಬತ್ತು ತಿಂಗಳು ಟೈಮ್ ಉಂಟಲ್ಲ. ಇನಿಶಿಯಲ್ ಹಾಕ್ಲೇಬೇಡಿ, ಬಿಡಿಸಿ ಬರೀರಿ. ನಮ್ಮಲ್ಲಿ ಇನಿಶಿಯಲ್ ಅಂದ್ರೆ ಕೆಲವರಿಗೆ ಊರಿನ ಹೆಸರು, ಕೆಲವರಿಗೆ ಮನೆ ಹೆಸರು, ಕೆಲವರಿಗೆ ಅಪ್ಪನ ಹೆಸರು, ಆಮೇಲೆ ಅದು ಎಂತ ಅಂತ ಪ್ರೂಫ್ ಕೇಳಿದಾಗ ಕಷ್ಟ. ಅಮ್ಮನ ಹೆಸರಿನ ಜೊತೆ ಮದುವೆಗೆ ಮುಂಚಿನ ಸರ್‌ನೇಮಾ ಈಗಿನದ್ದಾ ಅಂತ ಗೊಂದಲ ಆಗ್ತದೆ, ಅಲ್ಲಿಯೂ ಉತ್ತರ ಅದೇ, ದಾಖಲೆಯಲ್ಲಿ ಇದ್ದದ್ದು. ಬಾಣಂತನ ತಾಯಿ ಮನೆಯಲ್ಲಿ ಅಂತ ಪರ್ಮನೆಂಟ್ ಅಡ್ರೆಸ್ ಕಾಲಂನಲ್ಲೂ ತಾಯಿ ಮನೆ ಬರೀಬೇಡಿ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆದು, ಬಾಣಂತಿಗೆ ತೋರಿಸಿ ಅವಳ ಬಾಯಿಂದಲೇ ಅಕ್ಷರ ಅಕ್ಷರ ಓದಿಸಿ, ಆಮೇಲೆ ಆ ಹಾಳೆಯ ಫೋಟೋ ತೆಗ್ದು ಇಟ್ಕೊಳ್ಳಿ. ನನ್ನ ತಂಗಿ ಮಗನಿಗೆ ಆಸ್ಪತ್ರೆಯವರು ಕಂಪ್ಯೂಟರಿಗೆ ಹಾಕುವಾಗ ಅಪ್ಪನ ಹೆಸರಲ್ಲಿ ಒಂದು ಅಕ್ಷರ ಬಿಟ್ಟಿದ್ರು, ನಾವು ಸರಿಯಾಗಿಯೇ ಬರೆದದ್ದು ಅಂತ ತೋರಿಸ್ಲಿಕ್ಕೆ ಆ ಫೋಟೋ ಇದ್ದದ್ರಿಂದ ಬಚಾವ್.

ಮಗುವಿನ ಹೆಸರು? ಖಾಲಿ ಬಿಡಿ. ನಾಮಕರಣಕ್ಕೆ ಇನ್ನೂ ದಿನ ಉಂಟು, ಬ್ಯಾಪ್ಟಿಸಮ್ ಆದ್ರೂ ಆಮೇಲೆಯೇ, ಆದ್ರೂ ಕಾಲಂ ಖಾಲಿ ಬಿಡಬಾರದು ಅಂತ ಗಡಿಬಿಡಿಯಲ್ಲಿ ಒಂದು ಹೆಸರು ಬರೆದು ಆಮೇಲೆ ಜಾತಕ ನೋಡಿ ಬೇರೆ ಇಟ್ಟವರನ್ನು ತುಂಬಾ ನೋಡಿದ್ದೇನೆ. ಹೆಸರಿಲ್ಲದೆಯೂ ಜನನ ರಿಜಿಸ್ಟರ್ ಆಗ್ತದೆ, 12 ತಿಂಗಳ ಒಳಗೆ ಫ್ರೀಯಾಗಿ ಹೆಸರು ಸೇರಿಸ್ಬಹುದು, ಲೇಟ್ ಫೀ ಕಟ್ಟಿದ್ರೆ 15 ವರ್ಷದವರೆಗೂ ಆಗ್ತದೆ. ಖಾಲಿ ಜಾಗಕ್ಕೆ ಹೆಸರು ಸೇರಿಸುದು ಸುಲಭ, ಬರೆದ ಹೆಸರು ಬದಲಾಯಿಸುದು ಬಹಳ ಕಷ್ಟ. ಮತ್ತೆ ಗಲ್ಫಿನಲ್ಲಿ ಇರುವವರು ಮಗುವಿಗೆ ಒಂದೇ ಪದದ ಹೆಸರು ಇಡ್ಬೇಡಿ. 2022ರ ನವೆಂಬರಲ್ಲಿ ಯುಎಇಯವರು ಪಾಸ್‌ಪೋರ್ಟಲ್ಲಿ ಒಂದೇ ಹೆಸರಿದ್ದವರಿಗೆ ವಿಸಿಟ್ ವೀಸಾ ಇಲ್ಲ ಅಂದಾಗ ಎಷ್ಟು ಮನೆಯಲ್ಲಿ ತಲೆಬಿಸಿ ಆಯ್ತು. ಆಮೇಲೆ ಎರಡನೇ ಪುಟದಲ್ಲಿ ಅಪ್ಪನ ಹೆಸರಿದ್ರೆ ಆಗ್ತದೆ ಅಂತ ಸಡಿಲ ಮಾಡಿದ್ರು, ಆದ್ರೂ ಸರ್‌ನೇಮ್ ಇದ್ರೆ ಆ ರಗಳೆಯೇ ಇಲ್ಲ.

ಜನನ ರಿಜಿಸ್ಟರ್ ಮಾಡಿಸ್ಲಿಕ್ಕೆ ಟೈಮ್ ಲಿಮಿಟ್ 21 ದಿನ. ಆಸ್ಪತ್ರೆ ಹೆರಿಗೆ ಆದ್ರೆ ಮಾಹಿತಿ ಕಳಿಸುದು ಅವರದ್ದೇ ಕೆಲಸ, ಮನೆಯಲ್ಲೇ ಹೆರಿಗೆ ಆದ್ರೆ ಮನೆಯವರದ್ದು. ಅದು ದಾಟಿದ್ರೂ 30 ದಿನದ ಒಳಗೆ ಲೇಟ್ ಫೀಯಲ್ಲಿ ಮುಗೀತದೆ, ಅದೂ ದಾಟಿದ್ರೆ ಸೆಲ್ಫ್ ಅಟೆಸ್ಟ್ ಮಾಡಿದ ದಾಖಲೆ, ಮೇಲಧಿಕಾರಿಯ ಪರ್ಮಿಷನ್ನು, ವರ್ಷ ದಾಟಿದ್ರೆ ಮ್ಯಾಜಿಸ್ಟ್ರೇಟ್ ಆರ್ಡರ್ರೇ ಬೇಕು.

ಸರ್ಟಿಫಿಕೇಟ್ ತಗೊಳ್ಳುದು ಸುಲಭ. ರಿಜಿಸ್ಟರ್ ಆಗಿ ಏಳು ದಿನದ ಒಳಗೆ ಮೊದಲ ಪ್ರತಿ ಫ್ರೀಯಾಗಿ ಕೊಡ್ಬೇಕು ಅಂತ ಕಾನೂನೇ ಹೇಳ್ತದೆ, ಹೆಚ್ಚಿನ ಪ್ರತಿಗೆ ಫೀ. ರಾಜ್ಯದ್ದು ಇ-ಜನ್ಮ ಅಂತ ಪೋರ್ಟಲ್ ಉಂಟು. ಆದರೆ ಗೂಗಲಲ್ಲಿ ಹುಡುಕಿ ಮೊದಲು ಕಂಡದ್ದನ್ನು ಒತ್ತಬೇಡಿ, ಸರ್ಕಾರದ್ದೇ ತರ ಕಾಣುವ ನಕಲಿ ಸೈಟ್‌ಗಳು ದುಡ್ಡು ತಗೊಂಡು ನಕಲಿ ಸರ್ಟಿಫಿಕೇಟೇ ಕಳಿಸ್ತವೆ, ವಿಳಾಸದ ಕೊನೆಗೆ 'ಜಿ ಓ ವಿ ಡಾಟ್ ಇನ್' ಇದ್ಯಾ ನೋಡಿ. ಏಜೆಂಟರ ಹತ್ರ ಕೊಡುದೂ ನನಗೆ ಇಷ್ಟ ಇಲ್ಲ, ಅವರು ನಿಮ್ಮ ಮಗುವಿನ ಹೆಸರು ಎರಡು ಸಲ ಓದಿ ನೋಡುದಿಲ್ಲ.

ಇಷ್ಟಾದ ಮೇಲೂ ತಪ್ಪು ಬಂದಿದ್ರೆ, ಕಂಡ ದಿನವೇ ಹೊರಡಿ. ಅಕ್ಷರ ತಪ್ಪು ಅಂತ ದಾಖಲೆ ತೋರಿಸಿದ್ರೆ ರಿಜಿಸ್ಟ್ರಾರ್ ಸರಿ ಮಾಡ್ಬಹುದು, ಮೂಲ ಬರಹ ಅಳಿಸುದಿಲ್ಲ, ಮಾರ್ಜಿನಲ್ಲಿ ತಿದ್ದಿ ಸೈನ್ ಹಾಕ್ತಾರೆ. ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ, ಇಬ್ಬರ ಆಧಾರ್, ಮದುವೆ ಸರ್ಟಿಫಿಕೇಟ್ ತಗೊಂಡು ಹೋಗಿ. ತಪ್ಪು ದೊಡ್ಡದಾದ್ರೆ ವಿಷಯ ಗೊತ್ತಿರುವ ಇಬ್ಬರ ಹೇಳಿಕೆಯೂ ಬೇಕಾಗ್ತದೆ. ಸ್ಟಾಂಪ್ ಪೇಪರಲ್ಲಿ ಅಫಿಡವಿಟ್ ಮಾಡಿಸುವ ಮೊದಲು ಒಕ್ಕಣೆ ಹೇಗಿರ್ಬೇಕು ಅಂತ ಕೌಂಟರಲ್ಲೇ ಕೇಳಿ, ಹೊರಗೆ ರೆಡಿ ಟೈಪ್ ಮಾಡಿಟ್ಟದ್ದರಲ್ಲಿ ಹೆಸರು ಮಾತ್ರ ಬದಲಾಯಿಸಿ ಕೊಟ್ಟದ್ದು ಎಷ್ಟೋ ಸಲ ವಾಪಸ್ ಬಂದಿದೆ. ಇಟ್ಟ ಹೆಸರೇ ಬೇಡ, ಬೇರೆ ಬೇಕು ಅಂದ್ರೆ ಅದು ತಿದ್ದುಪಡಿ ಅಲ್ಲ, ವಕೀಲರನ್ನೇ ಕೇಳ್ಬೇಕು.

ಒರಿಜಿನಲ್ ಮೂರು ನಾಲ್ಕು ಪ್ರತಿ ತೆಗೆದಿಟ್ಕೊಳ್ಳಿ. ನಮ್ಮ ಮಳೆಗಾಲಕ್ಕೆ ಕಾಗದ ಬೂಷ್ಟು ಹಿಡೀತದೆ ಅಂತ ಹೆದರಿ ಲ್ಯಾಮಿನೇಶನ್ ಮಾಡಿಸಿಬಿಡ್ತಾರೆ, ದಯವಿಟ್ಟು ಮಾಡಿಸ್ಬೇಡಿ. ನಾಳೆ ವಿದೇಶಕ್ಕೆ ಅಟೆಸ್ಟೇಶನ್, ಅಂದ್ರೆ ದಾಖಲೆ ಅಸಲಿ ಅಂತ ದೃಢೀಕರಣ ಮಾಡಿಸುವಾಗ ಸೀಲ್ ಬೀಳುದು ಆ ಕಾಗದದ ಮೇಲೆಯೇ, ಪ್ಲಾಸ್ಟಿಕ್ ಕಂಡ್ರೆ ವಾಪಸ್ ಕೊಡ್ತಾರೆ. ಜಿಪ್ ಇರುವ ದಪ್ಪ ಕವರಲ್ಲಿ ಹಾಕಿ ಕಪಾಟಿನ ಮೇಲಿನ ಅರೆಯಲ್ಲಿ ಇಟ್ರೆ ಸಾಕು.