ಅಳತೆ ಪುಸ್ತಕದಿಂದ ಗ್ರಾಮಸಭೆಯವರೆಗೆ: ಪಂಚಾಯತಿ ದಾಖಲೆ ಕೇಳಿದ ನನ್ನ ಅನುಭವ

ಗ್ರಾಮ ಪಂಚಾಯತಿಯಿಂದ ಮಾಹಿತಿ ಕೇಳಲು ಹೊರಟವರು ಹೆಚ್ಚಾಗಿ ಪ್ರಶ್ನೆಗಳನ್ನೇ ಬರೆಯುತ್ತಾರೆ: ನಮ್ಮ ಬೀದಿಯ ಚರಂಡಿ ಏಕೆ ಪೂರ್ಣವಾಗಿಲ್ಲ, ಇದಕ್ಕೆ ಯಾರು ಹೊಣೆ, ಯಾವಾಗ ಸರಿಪಡಿಸುತ್ತೀರಿ? ಇಂಥ ಅರ್ಜಿಗಳಿಗೆ ‘ಪ್ರಶ್ನೆಗಳಿಗೆ ವಿವರಣೆ ನೀಡಲು ಅವಕಾಶವಿರುವುದಿಲ್ಲ’ ಎಂಬ ಒಂದು ಸಾಲಿನ ಹಿಂಬರಹ ಬರುತ್ತದೆ, ಅರ್ಜಿದಾರರು ಅಲ್ಲಿಗೇ ಕೈಬಿಡುತ್ತಾರೆ. 2005ರ ಮಾಹಿತಿ ಹಕ್ಕು ಕಾಯ್ದೆ ನಮಗೆ ಕೊಡುವುದು ಕಚೇರಿಯಲ್ಲಿರುವ ದಾಖಲೆಯನ್ನು ನೋಡುವ ಮತ್ತು ಅದರ ನಕಲನ್ನು ಪಡೆಯುವ ಹಕ್ಕನ್ನು. ಆದ್ದರಿಂದ ನಾನು ಪ್ರಶ್ನೆ ಕೇಳುವುದಿಲ್ಲ. ದಾಖಲೆಗಳನ್ನು ಅವುಗಳ ಹೆಸರು ಹಿಡಿದು ಕೇಳುತ್ತೇನೆ.

ನಮ್ಮೂರಿನ ಶಾಲೆಯ ಪಕ್ಕದ ಚರಂಡಿಯ ವಿಷಯದಲ್ಲಿ ನಾನು ಕೇಳಿದ್ದು ನಾಲ್ಕೇ ದಾಖಲೆಗಳನ್ನು: ಆ ವರ್ಷದ ಅನುಮೋದಿತ ಕ್ರಿಯಾ ಯೋಜನೆ, ಕಾಮಗಾರಿಯ ಅಂದಾಜು ಪಟ್ಟಿ, ಆದ ಕೆಲಸವನ್ನು ಎಂಜಿನಿಯರ್ ಅಳೆದು ಬರೆಯುವ ಅಳತೆ ಪುಸ್ತಕದ ಸಂಬಂಧಿತ ಪುಟಗಳು ಮತ್ತು ಹಣ ಪಾವತಿಯಾದ ಓಚರ್. ಕರ್ನಾಟಕದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಈ ಮಿತಿಯನ್ನು ಹಲವರು ಅಡ್ಡಿಯೆಂದು ದೂರುತ್ತಾರೆ. ದಾಖಲೆಯ ಹೆಸರು ಗೊತ್ತಿದ್ದವರಿಗೆ ಅಷ್ಟು ಪದಗಳೂ ಬೇಕಾಗುವುದಿಲ್ಲ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ಪಂಚಾಯತಿಯ ಮಾಹಿತಿ ಅಧಿಕಾರಿಯೂ ಆಗಿರುವ ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರ ಕಚೇರಿಗೆ ಅರ್ಜಿ ಕೊಟ್ಟು, ನನ್ನ ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕದೊಂದಿಗೆ ಸ್ವೀಕೃತಿ ಪಡೆದೆ. ‘ನಿಮಗೆ ಇದೆಲ್ಲ ಏಕೆ ಬೇಕು?’ ಎಂದು ಅಲ್ಲಿ ಕೇಳಿದರು. ಕಾರಣ ಹೇಳಬೇಕಾಗಿಲ್ಲವೆಂದು ಕಾಯ್ದೆಯ 6ನೇ ಪ್ರಕರಣವೇ ಹೇಳುತ್ತದೆ. ಅದನ್ನು ವಾದಕ್ಕಿಳಿಯದೆ, ಸೌಜನ್ಯದಿಂದಲೇ ತಿಳಿಸಿದೆ.

ಅಳತೆ ಪುಸ್ತಕ ತಮ್ಮ ಕಚೇರಿಯಲ್ಲಿಲ್ಲ, ಎಂಜಿನಿಯರ್ ಅವರ ಬಳಿ ಇದೆ ಎಂಬ ಉತ್ತರ ಬಂತು. ಅದು ನಿಜವೇ ಇತ್ತು, ಆದರೆ ನನ್ನನ್ನು ವಾಪಸು ಕಳುಹಿಸಲು ಅದು ಕಾರಣವಾಗಲಾರದು. ಮಾಹಿತಿ ಬೇರೆ ಕಚೇರಿಯಲ್ಲಿದ್ದರೆ ಅರ್ಜಿಯನ್ನು ಐದು ದಿನಗಳೊಳಗೆ ಅಲ್ಲಿಗೆ ವರ್ಗಾಯಿಸಿ ಅರ್ಜಿದಾರರಿಗೆ ತಿಳಿಸಬೇಕೆಂದು ಕಾಯ್ದೆಯ 6(3)ನೇ ಪ್ರಕರಣ ಹೇಳುತ್ತದೆ. ಅದನ್ನು ಉಲ್ಲೇಖಿಸಿ ಪತ್ರ ಬರೆದರೂ ಉತ್ತರಕ್ಕೆ ಕಾಯ್ದೆ ಕೊಟ್ಟಿರುವ ಮೂವತ್ತು ದಿನದ ಗಡುವು ಕಳೆಯುವವರೆಗೆ ಏನೂ ಬರಲಿಲ್ಲ. ಆಗ ತಾಲ್ಲೂಕು ಪಂಚಾಯತಿಯ ಕಾರ್ಯನಿರ್ವಾಹಕ ಅಧಿಕಾರಿಯವರಿಗೆ ಪ್ರಥಮ ಮೇಲ್ಮನವಿ ಸಲ್ಲಿಸಿದೆ. ವಿಚಾರಣೆಯ ದಿನ ನಾನು ಕೇಳಿಕೊಂಡಿದ್ದು ಎರಡೇ ಮಾತು: ನಕಲುಗಳಿಗಿಂತ ಮೊದಲು ಕಡತವನ್ನು ಪರಿಶೀಲಿಸಲು ಅವಕಾಶ ಕೊಡಿಸಬೇಕು, ಗಡುವು ಮೀರಿರುವುದರಿಂದ 7(6)ರಂತೆ ನಕಲುಗಳನ್ನು ಉಚಿತವಾಗಿ ಕೊಡಿಸಬೇಕು. ಎರಡಕ್ಕೂ ಆದೇಶವಾಯಿತು.

ಕಡತ ಪರಿಶೀಲನೆಯನ್ನು ಜನ ಏಕೆ ಇಷ್ಟು ಕಡಿಮೆ ಬಳಸುತ್ತಾರೋ ನನಗೆ ಅರ್ಥವಾಗಿಲ್ಲ. ಪುಟಕ್ಕೆ ಎರಡು ರೂಪಾಯಿಯಂತೆ ನೂರಾರು ಪುಟ ತೆಗೆಸಿ ಮನೆಯಲ್ಲಿ ಗುಡ್ಡೆ ಹಾಕಿಕೊಳ್ಳುವ ಬದಲು, ಕಚೇರಿಯಲ್ಲಿ ಕುಳಿತು ಕಡತವನ್ನು ಮೊದಲ ಹಾಳೆಯಿಂದ ನೋಡುತ್ತಾ ಬೇಕಾದ ಪುಟಗಳ ಸಂಖ್ಯೆಯನ್ನು ಗುರುತು ಮಾಡಿಕೊಂಡರೆ ನಕಲು ಬೇಕಾಗುವುದು ಕೆಲವೇ ಹಾಳೆಗಳಿಗೆ. ಚರಂಡಿಯ ಅಳತೆ ಪುಸ್ತಕದಲ್ಲಿ ಉದ್ದ, ಅಗಲ, ಆಳದ ಕಾಲಂಗಳ ಪಕ್ಕದಲ್ಲಿ ಕೆಲಸದ ವಿವರವಾಗಿ ‘ಶಾಲೆಯ ಕಾಂಪೌಂಡಿನಿಂದ ಹಳ್ಳದ ಮೋರಿಯವರೆಗೆ’ ಎಂದು ಬರೆದಿತ್ತು. ಅಂಕಿಗಳನ್ನು ಮಾತ್ರ ನೋಡಿದ್ದರೆ ನನಗೆ ಏನೂ ಹೊಳೆಯುತ್ತಿರಲಿಲ್ಲ. ಈ ಒಂದು ಸಾಲನ್ನು ಓದಿದ ಕೂಡಲೇ ವಿಷಯ ಸ್ಪಷ್ಟವಾಯಿತು, ಏಕೆಂದರೆ ಕಟ್ಟಿದ ಚರಂಡಿ ಮೋರಿಯನ್ನು ಮುಟ್ಟಿರಲೇ ಇಲ್ಲ, ಅದಕ್ಕೆ ಎರಡು ಮನೆ ಮೊದಲೇ ನಿಂತು ಅಲ್ಲಿಂದ ಕೊಳಚೆ ನೀರು ರಸ್ತೆಗೆ ಹರಿಯುತ್ತಿತ್ತು. ಆ ಪುಟದ ದೃಢೀಕೃತ ನಕಲು ಪಡೆದು, ವಾರ್ಡಿನ ಸದಸ್ಯರನ್ನೂ ಅಕ್ಕಪಕ್ಕದ ಮನೆಯವರನ್ನೂ ಕರೆದು, ಅವರೆಲ್ಲರ ಎದುರಿನಲ್ಲೇ ಟೇಪು ಹಿಡಿದು ಅಳೆದೆವು.

ದಾಖಲೆ ಯಾವಾಗಲೂ ದೋಷವನ್ನೇ ತೋರಿಸುತ್ತದೆಂದು ತಿಳಿಯಬಾರದು. ನೀರಿನ ಮೋಟಾರು ರಿಪೇರಿಯ ಹಣವನ್ನು ನೀರುಗಂಟಿಯೇ ತಿಂದಿದ್ದಾರೆಂದು ಊರಿನಲ್ಲಿ ಬಹಳ ದಿನ ಮಾತಿತ್ತು. ಬಿಲ್ಲು ಮತ್ತು ಓಚರ್‌ಗಳನ್ನು ನೋಡಿದಾಗ ಪ್ರತಿ ಪಾವತಿಯೂ ಕ್ರಮವಾಗಿತ್ತು, ಅವರ ಕೈಗೆ ಹಣ ಹೋಗಿಯೇ ಇರಲಿಲ್ಲ. ಅದನ್ನೂ ನಾನು ಸಭೆಯಲ್ಲಿ ಅಷ್ಟೇ ಗಟ್ಟಿಯಾಗಿ ಓದಿ ಹೇಳಿದೆ. ಅರ್ಜಿ ಹಾಕಿ ಹೆದರಿಸಿ, ಆಮೇಲೆ ಹಣಕ್ಕೆ ರಾಜಿಯಾಗುವವರಿಂದ ಈ ಕಾಯ್ದೆಗೆ ಆಗಿರುವ ಹಾನಿ ಸಣ್ಣದಲ್ಲ; ಸಿಕ್ಕಿದ್ದನ್ನು ಸಿಕ್ಕಂತೆ ಎಲ್ಲರ ಮುಂದಿಡುವವರನ್ನು ಮಾತ್ರ ಊರು ಮತ್ತು ಕಚೇರಿ ಎರಡೂ ನಂಬುತ್ತವೆ.

ದಾಖಲೆ ನನ್ನ ಕೈಯಲ್ಲಿದ್ದರೆ ಸಾಲದು, ಅದು ಗ್ರಾಮಸಭೆಯ ನಡವಳಿಗೆ ಸೇರಬೇಕು. ಪಂಚಾಯತಿ ವ್ಯಾಪ್ತಿಯ ಪ್ರತಿಯೊಬ್ಬ ಮತದಾರರೂ ಗ್ರಾಮಸಭೆಯ ಸದಸ್ಯರೇ ಆಗಿರುವುದರಿಂದ ಅಲ್ಲಿ ಮಾತನಾಡಲು ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಬಾಯಿಮಾತಿನಲ್ಲಿ ಹೇಳಿದ್ದು ನಡವಳಿಯಲ್ಲಿ ಬಾರದೇ ಹೋಗುವುದನ್ನು ಕಂಡಿದ್ದರಿಂದ, ಚರಂಡಿಯ ವಿಷಯವನ್ನು ಸಭೆಗೆ ಮೊದಲೇ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆದಿದ್ದೆ. ಸಭೆಯಲ್ಲಿ ಅಳತೆ ಪುಸ್ತಕದ ಸಾಲನ್ನು ಓದಿದೆ, ವಾರ್ಡಿನ ಸದಸ್ಯರು ಅಳೆದದ್ದನ್ನು ಖಚಿತಪಡಿಸಿದರು, ಸಭೆಯ ಮೇಲ್ವಿಚಾರಣೆಗೆ ಬಂದಿದ್ದ ನೋಡಲ್ ಅಧಿಕಾರಿಯವರು ಸ್ಥಳ ಪರಿಶೀಲನೆಗೆ ಸೂಚಿಸಿದರು. ಜನ ಚದುರುವ ಮೊದಲೇ ನಡವಳಿಯನ್ನು ಓದಿಸಬೇಕೆಂದು ನಾವು ಪಟ್ಟು ಹಿಡಿದೆವು. ಹಾಜರಿ ಪುಸ್ತಕದಲ್ಲಿ ಕೊನೆಯ ಸಹಿಯ ಕೆಳಗೆ ಗೆರೆ ಎಳೆಸಿ ಒಟ್ಟು ಹಾಜರಾತಿಯನ್ನು ಬರೆಸಿದೆವು. ಖಾಲಿ ಜಾಗ ಉಳಿದರೆ ಸಭೆಗೆ ಬಾರದವರ ಸಹಿ ಆಮೇಲೆ ಅಲ್ಲಿ ಸೇರುವುದುಂಟು. ಹಾಗಾದಾಗ ಯಾರೂ ಒಪ್ಪದ ತೀರ್ಮಾನಕ್ಕೂ ಊರಿನ ಒಪ್ಪಿಗೆಯಿತ್ತೆಂದು ಕಾಗದ ಹೇಳುತ್ತದೆ.

ಮಳೆಗಾಲಕ್ಕೆ ಮೊದಲು ಗುತ್ತಿಗೆದಾರರು ಚರಂಡಿಯನ್ನು ಮೋರಿಗೆ ಸೇರಿಸಿದರು. ಆ ನಡವಳಿಯ ನಕಲನ್ನು ಅಳತೆ ಪುಸ್ತಕದ ಪುಟದೊಂದಿಗೆ ಇಟ್ಟುಕೊಂಡಿದ್ದೇನೆ. ಪಂಚಾಯತಿಯ ವರ್ಷದ ಲೆಕ್ಕ ಮತ್ತು ಕಾಮಗಾರಿಗಳನ್ನು ಸಾರ್ವಜನಿಕರ ಮುಂದೆ ತಾಳೆ ನೋಡುವ ಜಮಾಬಂದಿ ಬಂದಾಗ ಎರಡನ್ನೂ ಒಯ್ಯಬೇಕು, ಏಕೆಂದರೆ ಮುಗಿದ ಕೆಲಸಕ್ಕೆ ಹೊಸದಾಗಿ ಬಿಲ್ಲು ಆಗಿಲ್ಲವೆಂಬುದನ್ನು ಅಲ್ಲಿಯೇ ಕೇಳಿ ಬರೆಸಿಕೊಳ್ಳುವುದು ಇನ್ನೂ ಉಳಿದಿದೆ.