ಫೋನ್ ಹಿಡಿದಿರುವ ಟವರ್ ಎಷ್ಟು ದೂರ? ಟಿಎ ನೋಡಿ ಹೇಳಬಹುದು

ಕೊಪ್ಪದ ಹತ್ತಿರ, ಗುಡ್ಡದ ಬುಡದಲ್ಲಿ ನಮ್ಮ ಮನೆ. ಹೋದ ವರ್ಷ ಸಿಮ್ ಹಾಕುವ ರೂಟರ್ ತಂದು, ಮಾಡಿನ ಮೇಲೆ ಒಂದೇ ದಿಕ್ಕಿನ ಸಿಗ್ನಲ್ ಹಿಡಿಯುವ ಯಾಗಿ ಆಂಟೆನಾ ಕಟ್ಟಿ, ಕಣ್ಣೆದುರು ಕಾಣುವ ಟವರ್ ಕಡೆ ತಿರುಗಿಸಿದೆ. ಎರಡು ದಿನ ಒದ್ದಾಡಿದರೂ ವಿಡಿಯೋ ಸುತ್ತುತ್ತಲೇ ಇತ್ತು. ಕೊನೆಗೆ ಅದೇ ಸಿಮ್ಮನ್ನು ಫೋನಿಗೆ ಹಾಕಿ, ಟವರ್ ಎಷ್ಟು ದೂರ ಅಂತ ಹೇಳುವ ಟಿಎ ಅನ್ನುವ ಅಂಕಿ ನೋಡಿದೆ. 88! ಅಂದರೆ ಹತ್ತಿರ ಹತ್ತಿರ ಏಳು ಕಿಲೋಮೀಟರ್. ಕಾಣುವ ಟವರ್ ಒಂದೂವರೆ ಕಿಲೋಮೀಟರೂ ಇಲ್ಲ. ಅದು ಬೇರೆ ಕಂಪನಿಯದಂತೆ.

ಟಿಎ ಅಂದರೆ ಟೈಮಿಂಗ್ ಅಡ್ವಾನ್ಸ್. ಒಂದು ಗಂಟೆಗೆ ಪಂಕ್ತಿ ಅಂದರೆ ದೂರದ ಮನೆಯವರು ಬೇಗ ಹೊರಡಬೇಕಲ್ಲ, ಹಾಗೆ. ಎಲ್ಲ ಫೋನಿನ ಸಿಗ್ನಲ್ಲೂ ಟವರಿಗೆ ಹೊತ್ತಿಗೆ ಸರಿಯಾಗಿ ಮುಟ್ಟಬೇಕು, ಇಲ್ಲದಿದ್ದರೆ ಒಂದರ ಮೇಲೊಂದು ಬಿದ್ದು ಕಲಸುಮೇಲೋಗರ. ಹಾಗಾಗಿ ಎಷ್ಟು ಮುಂಚೆ ಕಳಿಸಬೇಕೆಂದು ಟವರೇ ಅಂಕಿ ಕೊಡುತ್ತದೆ. 4ಜಿಯಲ್ಲಿ ಒಂದು ಅಂಕಿಗೆ 0.52 ಮೈಕ್ರೋಸೆಕೆಂಡ್. ಅಷ್ಟರಲ್ಲಿ ರೇಡಿಯೋ ಅಲೆ 156 ಮೀಟರ್ ಓಡುತ್ತದೆ. ಹೋಗಿಬರುವ ಲೆಕ್ಕವಾದ್ದರಿಂದ ಅರ್ಧ ಮಾಡಿ: 78 ಮೀಟರ್. 88ನ್ನು 78ರಿಂದ ಗುಣಿಸಿದರೆ 6,864 ಮೀಟರ್. 2ಜಿಯಾದರೆ ಅಂಕಿಗೆ ಸುಮಾರು 550 ಮೀಟರ್. ಅಲ್ಲಿ 63ರ ಮೇಲೆ ಅಂಕಿಯೇ ಇಲ್ಲ, 2ಜಿ ಟವರಿಗೆ 35 ಕಿ.ಮೀ. ದೂರದ ಮಿತಿ ಬಂದದ್ದು ಹಾಗೆ.

ಆಂಡ್ರಾಯ್ಡ್ ಫೋನಿಗೆ ಟಿಎ ತೋರಿಸುವ ನೆಟ್‌ಮಾನ್‌ಸ್ಟರ್‌ನಂಥ ಆ್ಯಪ್ ಹಾಕಿ, ವೈಫೈ ಆಫ್ ಮಾಡಿ. ಸುಮ್ಮನೆ ಕೂತ ಫೋನಿನಲ್ಲಿ ಹಳೇ ಅಂಕಿಯೇ ಉಳಿದಿರಬಹುದು, ಒಂದು ವಿಡಿಯೋ ಓಡಿಸುತ್ತಲೇ ನೋಡಿ. ಎರಡು ಸಿಮ್ ಇದ್ದರೆ ಯಾವ ಸಿಮ್ಮಿನ ಸಾಲು ಓದುತ್ತಿದ್ದೀರಿ ಅನ್ನುವುದು ನೆನಪಿರಲಿ. 2147483647 ಅಂತ ಬಂದರೆ ಹೆದರಬೇಡಿ, ಟವರ್ ಚಂದ್ರನಾಚೆ ಇಲ್ಲ. ಆ ಫೋನು ಟಿಎ ಕೊಡುವುದಿಲ್ಲ ಅಂತ ಅಷ್ಟೆ. ನನ್ನ ದುಬಾರಿ ಫೋನು ಕೊಡಲಿಲ್ಲ, ತೋಟಕ್ಕೆ ಬರುವ ಕೊನೆಗಾರನ ಹಳೇ ಫೋನು ಕೊಟ್ಟಿತು.

ದೂರ ಸಿಕ್ಕಿತು, ದಿಕ್ಕು ಸಿಗಲಿಲ್ಲ. ಮ್ಯಾಪಿನಲ್ಲಿ ಮನೆಯನ್ನು ನಡುವೆ ಇಟ್ಟು ಆ ದೂರದ ವೃತ್ತ ಎಳೆಯಿರಿ. ಒಂದೆರಡು ಕಿಲೋಮೀಟರ್ ಆಚೆ ಹೋಗಿ ಮತ್ತೊಂದು, ಇನ್ನೊಂದು ಕಡೆಯಿಂದ ಮೂರನೆಯದು. ಪ್ರತಿ ಸಲವೂ ಆ್ಯಪಿನಲ್ಲಿ ಇಎನ್‌ಬಿ (eNB) ಸಂಖ್ಯೆ, ಅಂದರೆ 4ಜಿ ಟವರಿನ ಗುರುತಿನ ಸಂಖ್ಯೆ, ಅದೇ ಇರಬೇಕು. ಬದಲಾಗಿದ್ದರೆ ಟವರೇ ಬೇರೆ. ಮೂರೂ ಸೇರುವ ಸುತ್ತಮುತ್ತ ಎತ್ತರದ ಜಾಗ ಹುಡುಕಿ. ನಮ್ಮ ಮಲೆನಾಡಿನಲ್ಲಿ ಒಂದು ತೊಡಕಿದೆ: ಅಲೆ ಗುಡ್ಡಕ್ಕೆ ಬಡಿದು ಬಳಸಿ ಬಂದರೆ ದೂರ ಹೆಚ್ಚೇ ತೋರಿಸುತ್ತದೆ. ಹಾಗಾಗಿ ವೃತ್ತದ ಗೆರೆಯಲ್ಲಿ ಏನೂ ಕಾಣದಿದ್ದರೆ ಒಳಗಡೆ ನೋಡಿ, ಹೊರಗಲ್ಲ.

ನನ್ನ ಆಂಟೆನಾ ಈಗ ಎದುರಿನ ಟವರಿಗೆ ಬೆನ್ನು ಹಾಕಿ ಹೊಳೆಯಾಚೆ ನೋಡುತ್ತಿದೆ. ಮನೆಗೆ ಬಂದವರೆಲ್ಲ, "ಗಾಳಿಗೆ ತಿರುಗಿ ಹೋಗಿದೆ ಮಾರಾಯ, ಸರಿ ಮಾಡು" ಅನ್ನುತ್ತಾರೆ.